ಹಳೇ ಫೀಲ್ಡ್ ಬುಕ್ ಹಿಡಿದು ರಿಸರ್ವ್ ಗಡಿ ಹುಡುಕಿದ್ದು: ನನ್ನ ಅನುಭವ

"ಪ್ಲಾನ್ ಸ್ಕ್ಯಾನ್ ಮಾಡು, ಸ್ಯಾಟಲೈಟ್ ಚಿತ್ರದ ಮೇಲೆ ಎಳೆದು ಕೂರಿಸು, ಬಿಲ್ ಕಳಿಸು." ಹಳೇ ಗಡಿ ಹುಡುಕುವ ಕೆಲಸಕ್ಕೆ ನಮ್ಮ ಹಿರಿಯ ಸರ್ವೇಯರ್ ಹೇಳಿದ್ದು ಇಷ್ಟೇ. ನಾನು ಹಾಗೆ ಮಾಡಲಿಲ್ಲ. ಎಂಟು ತಿಂಗಳು ಬೈಸಿಕೊಂಡೆ. ಈಗ ಗಡಿ ಕಲ್ಲು ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಒಕನಾಗನ್ ಕಣಿವೆಯ ಒಂದು ಮೂಲನಿವಾಸಿ ಸಮುದಾಯಕ್ಕೆ. ಇಲ್ಲಿನ ರಿಸರ್ವ್, ಅಂದರೆ ಮೂಲನಿವಾಸಿಗಳಿಗೆಂದು ಮೀಸಲಿಟ್ಟ ಜಮೀನನ್ನು ಅಳೆದವರು ಒಬ್ಬಿಬ್ಬರಲ್ಲ. 1861ರಲ್ಲಿ ಕಾಕ್ಸ್ ಎಂಬ ವಸಾಹತು ಅಧಿಕಾರಿ ದೊಡ್ಡದಾಗಿ ಗುರುತು ಹಾಕಿದ, 1865ರಲ್ಲಿ ಹೇನ್ಸ್ ಎಂಬ ಇನ್ನೊಬ್ಬ ಅಧಿಕಾರಿ ಕತ್ತರಿಸಿದ. ಆಮೇಲೆ ಇನ್ನೊಂದು ಆಯೋಗ, ಇನ್ನೊಂದು ಅಳತೆ. 1913ರಿಂದ 1916ರವರೆಗೆ ಮೆಕೆನ್ನಾ-ಮೆಕ್‌ಬ್ರೈಡ್ ಆಯೋಗ. ಇಡೀ ಪ್ರಾಂತ್ಯದಲ್ಲಿ ಸುಮಾರು 47,000 ಎಕರೆ ಕಿತ್ತುಕೊಂಡು 87,000 ಎಕರೆ ಕೊಡಿ ಎಂದಿತು. ಕೇಳೋಕೆ ಲಾಭದ ಅದಲುಬದಲು, ಅಲ್ವಾ? ಆಗಿನ ಬೆಲೆಯಲ್ಲೇ ಕಿತ್ತಿದ್ದರ ಮೌಲ್ಯ ಕೊಟ್ಟಿದ್ದರ ಮೂರು ಪಟ್ಟು. ಗದ್ದೆ ಕೊಟ್ಟು ಗುಡ್ಡ ತಗೊಂಡ ಹಾಗೆ. ಸಮುದಾಯದ ಒಪ್ಪಿಗೆ ಬೇಕು ಅಂತ ಮೊದಲು ಇತ್ತು. 1920ರ ಕಾನೂನು ಅದನ್ನೂ ತೆಗೆದು ಹಾಕಿತು. ಇದೇ ಕಣಿವೆಯ ಪೆಂಟಿಕ್ಟನ್ ರಿಸರ್ವ್ ಒಂದರಲ್ಲೇ 14,000 ಎಕರೆ ಹೋಯಿತು. 1982ರಲ್ಲಿ 12,000 ಚಿಲ್ಲರೆ ಎಕರೆ ವಾಪಸ್ ಬಂತು, ಜೊತೆಗೆ ಸುಮಾರು 1.4 ಕೋಟಿ ಡಾಲರ್. ಜಮೀನಿನ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಹಳೇ ಗಡಿ ಎಲ್ಲಿತ್ತು?

ನಾನು ಮೊದಲು ಧಾರವಾಡದ ಕಡೆ ಟಿಪ್ಪಣಿ (ಹೊಲದ ಹಳೇ ಅಳತೆಯ ನಕ್ಷೆ), ಪೋಡಿ (ಹೊಲ ಅಳೆದು ಭಾಗ ಮಾಡುವುದು) ಅಂತ ಓಡಾಡಿದವನು. ನಮ್ಮ ಸರಪಳಿ 33 ಅಡಿ, 16 ಆಣೆ. ಇವರದು 66 ಅಡಿ, 100 ಲಿಂಕ್. ಇವರ ಒಂದು ಚದರ ಚೈನ್ ಅಂದರೆ ನಮ್ಮ ನಾಲ್ಕು ಗುಂಟೆ. ಇದು ಗೊತ್ತಾದ ದಿನ ಇಲ್ಲಿನ ಪುಸ್ತಕ ಪರಕೀಯ ಅನ್ನಿಸಲಿಲ್ಲ.

ಮೊದಲು ನಾನೂ ಪ್ಲಾನನ್ನೇ ಎಳೆದು ನೋಡಿದೆ. ಆರು ಪಾಯಿಂಟ್ ಹಾಕಿದೆ, ಪರದೆ ಮೇಲೆ ಚೆನ್ನಾಗಿ ಕೂತಿತು. ಜಾಗಕ್ಕೆ ಹೋದರೆ 70 ಮೀಟರ್ ಆಚೀಚೆ. ಬಾಡಿಗೆ ಜಿಪಿಎಸ್ ಹಿಡಿದು ಮೂರು ದಿನ ಅಗೆದೆ. ಸುಮಾರು 900 ಡಾಲರ್ ನೀರಿಗೆ ಹೋಯಿತು, ನನ್ನ ಜೇಬಿನದೇ.

ಆಮೇಲೆ ಫೀಲ್ಡ್ ಬುಕ್ ತೆಗೆದೆ, ಅಂದರೆ ಹಳೇ ಸರ್ವೇಯರ್ ಜಾಗದಲ್ಲೇ ನಿಂತು ಅಳತೆ ಬರೆದ ಪುಸ್ತಕ. ಕೆನಡಾ ಸರಕಾರದ ಸರ್ವೆ ದಾಖಲೆಗಳಲ್ಲಿ ಪುಕ್ಕಟೆ ಸಿಗುತ್ತದೆ, ಯಾರೂ ತೆರೆಯುವುದಿಲ್ಲ ಅಷ್ಟೇ. ಒಂದೊಂದು ಗೆರೆಯನ್ನೂ ಪುಸ್ತಕದ ದಿಕ್ಕು, ದೂರ ಹಿಡಿದು ಹೊಸದಾಗಿ ಲೆಕ್ಕ ಹಾಕಿದೆ. ಇಡೀ ರಿಸರ್ವ್ ಓರೆಯಾಯಿತು. ಪುಸ್ತಕದ ದಿಕ್ಕು ನಿಜವಾದ ಉತ್ತರದಿಂದಲ್ಲ, ದಿಕ್ಸೂಚಿಯ ಸೂಜಿ ತೋರಿಸುವ ಕಾಂತದ ಉತ್ತರದಿಂದ! ಆ ಅಳತೆಯ ಕಾಲಕ್ಕೆ ಇಲ್ಲಿ ಸೂಜಿ 24 ಡಿಗ್ರಿಯ ಆಸುಪಾಸು ಪೂರ್ವಕ್ಕೆ ವಾಲುತ್ತಿತ್ತು, ಈಗ 15ರ ಹತ್ತಿರ. ನಾನು ಇವತ್ತಿನ ಅಂಕಿ ಹಾಕಿದ್ದೆ. ಸರಿಮಾಡಿದರೂ ಸುತ್ತು ಹೊರಟ ಜಾಗಕ್ಕೆ ಬಂದು ಸೇರದೆ ಹತ್ತು ಚೈನ್ ಬಾಯಿ ಬಿಟ್ಟಿತು.

ಸರಿಯಾಗಿ ಹತ್ತು ಅಂದಾಗ ತಲೆ ಓಡಿತು. ಒಂದೊಂದು ಚೈನಿಗೂ ನೆಲಕ್ಕೆ ಒಂದು ಪಿನ್ ಚುಚ್ಚುತ್ತಾರೆ; ಹತ್ತು ಪಿನ್ ಮುಗಿದಾಗ ಪುಸ್ತಕದಲ್ಲಿ ಒಂದು ಗುರುತು ಹಾಕಬೇಕಲ್ಲ, ಯಾರೋ ಮರೆತಿದ್ದಾರೆ. ಯಾವ ಗೆರೆಯಲ್ಲಿ? ಪುಸ್ತಕದಲ್ಲಿ "ಇಷ್ಟು ಚೈನಿಗೆ ಹಳ್ಳ, ಇಷ್ಟಕ್ಕೆ ಬೆಟ್ಟದ ಬುಡ" ಅಂತ ಬರೆದಿರುತ್ತಾರೆ. ಹಳ್ಳ ನಂಬಬೇಡಿ, ಅದು ಸರಿಯುತ್ತದೆ. ಬೆಟ್ಟದ ಬುಡ, ಬಂಡೆಯ ಅಂಚು ಹಿಡಿಯಿರಿ. ಸರಕಾರದ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ಅಳೆದ ನೆಲದ ಏರಿಳಿತದ ನಕ್ಷೆ) ಮೇಲೆ ಅವನ್ನು ಒಂದೊಂದಾಗಿ ಹೊಂದಿಸಿದೆ. ಪಶ್ಚಿಮದ ಗೆರೆಯಲ್ಲಿ ಎರಡು ಬಂಡೆಗಳ ನಡುವೆ ಹತ್ತು ಚೈನ್ ಕಾಣೆ. 200 ಮೀಟರ್. ಅದಕ್ಕೆ ತಾಗಿದ ಗಡಿ 60 ಚೈನ್ ಉದ್ದ, ಅಂದರೆ 60 ಎಕರೆ. ನಮ್ಮ ಕಡೆ ಎರಡೂವರೆ ಗುಂಟೆಗೆ ತಲೆ ಒಡೆದುಕೊಳ್ತೀವಿ.

ಸವೆದು ಉದ್ದವಾದ ಚೈನ್, ಇಳಿಜಾರಿನಲ್ಲಿ ನೆಲಕ್ಕೇ ಹಾಸಿದ ಚೈನ್, ಇವೆರಡಕ್ಕೂ ಗೆರೆಗೊಂದು ಅಂಕಿ ಹಾಕುತ್ತೇನೆ. ಅದನ್ನು ಹೇಗೆ ತೆಗೆಯುವುದು ಅಂತ ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ನಡುವೆ ರಜೆಗೆ ಊರಿಗೆ ಹೋದಾಗ ಅಪ್ಪನ ಹೊಲದ ಟಿಪ್ಪಣಿಗೂ ಇದೇ ಲೆಕ್ಕ ಹಚ್ಚಿದೆ. ಎರಡೂವರೆ ಗುಂಟೆ ದೊಡ್ಡಪ್ಪನ ಬದುವಿನ ಆಚೆ ಬಂತು. "ಸುಮ್ನಿರಪ್ಪ, ಅದು ಕೆನಡಾದಲ್ಲಿ ಮಾಡು" ಅಂದರು ಅವ್ವ. ಕಾಗದ ಟ್ರಂಕಿನಲ್ಲಿದೆ.

ಕೊನೆಗೆ ಲೆಕ್ಕ ಹೇಳಿದ ಜಾಗದಲ್ಲಿ ಪೊದೆ ಸರಿಸಿದರೆ ಕಲ್ಲಿನ ಗುಪ್ಪೆ. ಒಂದೂವರೆ ಮೀಟರ್ ಅಂತರ, ಅಷ್ಟೇ. ಮರದ ಕಂಬ ಎಂದೋ ಕೊಳೆತಿತ್ತು, ಕಲ್ಲು ಹಾಗೇ ಇತ್ತು. ಗಡಿ ಅಂತ ಸಹಿ ಹಾಕುವ ಹಕ್ಕು ಲೈಸೆನ್ಸ್ ಇರುವ ಹಿರಿಯರದು. ಬಂದು ನೋಡಿದರು, ಮಾತಾಡಲಿಲ್ಲ, ಫೋಟೋ ತೆಗೆದುಕೊಂಡರು.

ಫೋಟೋವನ್ನು ಸಮುದಾಯದ ಒಬ್ಬ ಅಜ್ಜಿಗೆ ತೋರಿಸಿದೆ. "ಇದರ ಮೇಲೆ ಕೂತು ಚಿಕ್ಕಂದಿನಲ್ಲಿ ಊಟ ಮಾಡ್ತಿದ್ದೆ. ನೀನು ಕೇಳಲೇ ಇಲ್ವಲ್ಲ" ಅಂದರು. ನನಗೆ 900 ಡಾಲರ್ ನೆನಪಾಯಿತು. ಮುಂದಿನ ಮೂಲೆಗೆ ಮೊದಲು ಅವರ ಮನೆಗೇ ಹೋಗಿ ಕಾಫಿ ಕುಡಿದೆ. ಆ ಮೂಲೆಯ ಮೇಲೆ ಹೈವೇ ಬಂದು ಕೂತಿದೆಯಂತೆ.