ನೆಟ್ಟಗೆ ನಿಂತ ದೋಟಿಗೆ ರೋಲ್-ಪಿಚ್-ಯಾ ಲೆಕ್ಕ ಒಗ್ಗುವುದಿಲ್ಲ: ನನ್ನ ಅನುಭವ

ತೀರ್ಥಹಳ್ಳಿ, ಸಾಗರದ ಅಡಿಕೆ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಗಳ) ಈಗ ಹೊಸದೇನಲ್ಲ. ಅಡಿಕೆ ಗೊನೆ ಕೊಯ್ಯುವಾಗ, ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯುವಾಗ ಅದು ಯಾವ ಕಡೆಗೆ ಎಷ್ಟು ವಾಲುತ್ತದೆ ಎಂದು ದಾಖಲಿಸಲು ಬುಡಕ್ಕೊಂದು ಸೆನ್ಸರ್ ಕಟ್ಟಿದ್ದೇವೆ. 12 ಮೀಟರ್ ದೋಟಿ 10 ಡಿಗ್ರಿ ವಾಲಿದರೆ ತುದಿ 2.1 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಳತೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ತುದಿಯಲ್ಲಿ 21 ಸೆಂಟಿಮೀಟರ್ ತಪ್ಪಿದಂತೆ. (ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿ ಹತ್ತಿರವಿದ್ದರೆ ದೋಟಿ ಎತ್ತಲೇಬೇಡಿ, ಸೆನ್ಸರ್ ಇದೆಯೆಂಬ ಧೈರ್ಯ ಬೇಡ.)

ಬಳಸಿದ್ದು ಇಎಸ್‌ಪಿ32 ಬೋರ್ಡ್ (ಪುಟ್ಟ ಕಂಪ್ಯೂಟರ್) ಮತ್ತು ಎಂಪಿಯು6050 ಸೆನ್ಸರ್. ಇದರಲ್ಲಿ ತಿರುಗುವ ವೇಗ ಅಳೆಯುವ ಜೈರೋ, ವೇಗೋತ್ಕರ್ಷ ಅಳೆಯುವ ಆಕ್ಸಿಲರೋಮೀಟರ್ ಎರಡೂ ಇವೆ. ಜೈರೋ ±500 ಡಿಗ್ರಿ/ಸೆಕೆಂಡ್ (ಸೆಕೆಂಡಿಗೆ ಒಂದು ಡಿಗ್ರಿ ವೇಗಕ್ಕೆ 65.5 ಎಣಿಕೆ), ಆಕ್ಸಿಲರೋಮೀಟರ್ ±4 ಜಿ (ಒಂದು ಜಿಗೆ, ಅಂದರೆ ಭೂಮಿಯ ಗುರುತ್ವದಷ್ಟಕ್ಕೆ, 8192). ಒಳಗಿನ ಫಿಲ್ಟರ್ 44 ಹರ್ಟ್ಜ್, ಸ್ಯಾಂಪಲ್ ಡಿವೈಡರ್ 4, ಅಂದರೆ ಸೆಕೆಂಡಿಗೆ 200 ಓದು.

ಮೊದಲ ತೊಡಕು ಕೋನಗಳದ್ದೇ. ಭಂಗಿಯನ್ನು ಸಾಮಾನ್ಯವಾಗಿ ಮೂರು ಕೋನಗಳಲ್ಲಿ ಹೇಳುತ್ತಾರೆ: ಎಕ್ಸ್ ಅಕ್ಷದ ಸುತ್ತ ರೋಲ್, ವೈ ಸುತ್ತ ಪಿಚ್, ಝಡ್ ಸುತ್ತ ಯಾ. ಬೋರ್ಡಿನ ಉದ್ದದ ಬದಿ ದೋಟಿಗೆ ಸಮವಾಗಿರುವಂತೆ ಕಟ್ಟುವುದು ಸಹಜ. ಆಗ ಎಕ್ಸ್ ಅಕ್ಷ ದೋಟಿಯ ಉದ್ದಕ್ಕೆ ಬರುತ್ತದೆ, ದೋಟಿ ನಿಂತರೆ ಪಿಚ್ 90 ಡಿಗ್ರಿ. ಅಲ್ಲಿ ರೋಲ್ ಮತ್ತು ಯಾ ಎರಡೂ ಒಂದೇ ಅಕ್ಷದ ಸುತ್ತ ತಿರುಗುತ್ತವೆ, ಬಿಡಿಸಿ ಹೇಳಲು ಸಾಧ್ಯವೇ ಇಲ್ಲ. ಇದೇ ಗಿಂಬಲ್ ಲಾಕ್. ಕಾಟ ಸರಿಯಾಗಿ 90ರಲ್ಲಿ ಮಾತ್ರ ಇರುವುದಲ್ಲ: ಯಾ ಕೋನದ ವೇಗವನ್ನು ಪಿಚ್‌ನ ಕೊಸೈನ್‌ನಿಂದ ಭಾಗಿಸುವುದರಿಂದ ಸೆನ್ಸರಿನ ಸಣ್ಣ ಗದ್ದಲವೂ 80 ಡಿಗ್ರಿಯಲ್ಲಿ 5.8 ಪಟ್ಟು, 85ರಲ್ಲಿ 11.5 ಪಟ್ಟು, 89ರಲ್ಲಿ 57 ಪಟ್ಟು ಹಿಗ್ಗುತ್ತದೆ. ದೋಟಿಯ ಕೆಲಸವೆಲ್ಲ ನಡೆಯುವುದು ಈ ವ್ಯಾಪ್ತಿಯಲ್ಲೇ. ಝಡ್ ಅಕ್ಷವನ್ನು ಉದ್ದಕ್ಕೆ ತಿರುಗಿಸಿ ಕಟ್ಟಿದರೆ ನಿಂತಾಗ ಸರಿಹೋಗುತ್ತದೆ. ಆದರೆ ದೋಟಿಯನ್ನು ಹೆಗಲ ಮೇಲೆ ಅಡ್ಡ ಹೊತ್ತು ಮುಂದಿನ ಸಾಲಿಗೆ ಹೋಗುವಾಗ ಅದೇ ಕಾಟ ಎದುರಾಗಬಹುದು.

ಹಾಗಾಗಿ ಒಳಗಿನ ಲೆಕ್ಕವೆಲ್ಲ ಕ್ವಾಟರ್ನಿಯನ್‌ನಲ್ಲಿ. ಅದು ಭಂಗಿಯನ್ನು ಹೇಳುವ ಡಬ್ಲ್ಯು, ಎಕ್ಸ್, ವೈ, ಝಡ್ ಎಂಬ ನಾಲ್ಕು ಸಂಖ್ಯೆ, ವರ್ಗಗಳ ಮೊತ್ತ 1. ಪ್ರತಿ ಹೆಜ್ಜೆಯಲ್ಲೂ ಅದನ್ನು 1ಕ್ಕೆ ತರಬೇಕು. ಝಡ್ ಅಕ್ಷ ದೋಟಿಯ ಉದ್ದಕ್ಕಿದ್ದರೆ ವಾಲಿಕೆ ಹೀಗೆ ಸಿಗುತ್ತದೆ:

ವಾಲಿಕೆ = 2 × ಆರ್ಕ್‌ಟ್ಯಾನ್2( √(ಎಕ್ಸ್²+ವೈ²), √(ಡಬ್ಲ್ಯು²+ಝಡ್²) )

ಆರ್ಕ್‌ಕೊಸೈನ್ ಸೂತ್ರವೂ ಇದೆ, ಆದರೆ ದೋಟಿ ನೆಟ್ಟಗಿರುವಾಗ 32 ಬಿಟ್ ಫ್ಲೋಟ್‌ನಲ್ಲಿ ಅದರ ನಿಖರತೆ ಹಾಳಾಗುತ್ತದೆ.

ಕ್ವಾಟರ್ನಿಯನ್‌ನ ತೊಡಕುಗಳು ಬೇರೆ. ನಾಲ್ಕೂ ಸಂಖ್ಯೆಗಳ ಚಿಹ್ನೆ ಬದಲಾದರೂ ಭಂಗಿ ಅದೇ. ಸರಾಸರಿ ತೆಗೆಯುವ ಮುನ್ನ ಹಿಂದಿನದರೊಂದಿಗೆ ಡಾಟ್ ಗುಣಲಬ್ಧ ನೋಡಿ, ಋಣವಾಗಿದ್ದರೆ ನಾಲ್ಕನ್ನೂ ತಿರುಗಿಸಬೇಕು. ಇಲ್ಲದಿದ್ದರೆ ಗ್ರಾಫ್‌ನಲ್ಲಿ ಇಲ್ಲದ ನೆಗೆತ ಕಾಣುತ್ತದೆ. ಕೆಲವು ಲೈಬ್ರರಿಗಳು ಡಬ್ಲ್ಯು ಮೊದಲು ಕೊಡುತ್ತವೆ, ರೋಬಾಟ್ ತಂತ್ರಾಂಶ ರಾಸ್ (ROS) ಕೊನೆಗೆ. ಇನ್ನು ಕೆಲವು ಕೊಡುವ ತಿರುಗುವಿಕೆ ಭೂಮಿಯಿಂದ ಸೆನ್ಸರ್‌ಗೆ, ಸೆನ್ಸರ್‌ನಿಂದ ಭೂಮಿಗಲ್ಲ. ಮೇಲಿನ ಸೂತ್ರದಲ್ಲಿ ಇದು ಬಯಲಾಗುವುದಿಲ್ಲ, ವಾಲಿಕೆ ಎರಡರಲ್ಲೂ ಒಂದೇ. ವಾಲಿದ ದಿಕ್ಕು ಮಾತ್ರ ತಪ್ಪುತ್ತದೆ. ಆದ್ದರಿಂದ ದೋಟಿಯನ್ನು ಮೊದಲು ತನ್ನ ಉದ್ದದ ಸುತ್ತ 90 ಡಿಗ್ರಿ ತಿರುಗಿಸಿ, ಆಮೇಲೆ ಗುರುತಿಟ್ಟ ಮರದ ಕಡೆಗೆ ವಾಲಿಸಿ ಪರೀಕ್ಷಿಸಿ. ಜೈರೋ, ಆಕ್ಸಿಲರೋಮೀಟರ್ ಓದುಗಳನ್ನು ಬೆರೆಸಿ ಕ್ವಾಟರ್ನಿಯನ್ ಕೊಡುವ ಮ್ಯಾಡ್ಗ್‌ವಿಕ್ ಫಿಲ್ಟರ್‌ನ ಮೂಲ ಕೋಡಿಗೆ ಜೈರೋ ರೇಡಿಯನ್‌ನಲ್ಲಿ ಬೇಕು, ಆರ್ಡುಯಿನೋ ಲೈಬ್ರರಿಗೆ ಡಿಗ್ರಿಯಲ್ಲಿ.

ಸೆನ್ಸರ್ ಬುಡದಿಂದ ಒಂದು ಮೀಟರ್ ಒಳಗೇ ಇರಲಿ. ದೋಟಿ ಸೆಕೆಂಡಿಗೆ ಒಂದು ರೇಡಿಯನ್ ವೇಗದಲ್ಲಿ ತಿರುಗಿದರೆ 10 ಮೀಟರ್ ಎತ್ತರದಲ್ಲಿ ಕೇಂದ್ರಾಭಿಮುಖ ವೇಗೋತ್ಕರ್ಷವೇ ಒಂದು ಜಿ ಆಗುತ್ತದೆ, ಗುರುತ್ವದ ದಿಕ್ಕು ಅದರಲ್ಲಿ ಮುಚ್ಚಿಹೋಗುತ್ತದೆ. ಒಂದು ಮೀಟರ್ ಎತ್ತರದಲ್ಲಿ ಅದು 0.1 ಜಿ. ಒಟ್ಟು ವೇಗೋತ್ಕರ್ಷ 0.9ರಿಂದ 1.1 ಜಿ ಒಳಗಿದ್ದಾಗ ಮಾತ್ರ ಆಕ್ಸಿಲರೋಮೀಟರ್ ತಿದ್ದುಪಡಿ ಸೇರಿಸುತ್ತೇವೆ.

ಬೆಳಗಿನ ಇಬ್ಬನಿಯ ಚಳಿಯಲ್ಲಿ ತೆಗೆದ ಜೈರೋ ಸೊನ್ನೆ (ಅಲುಗದಿದ್ದಾಗಲೂ ಅದು ತೋರಿಸುವ ಓದು) ಮಧ್ಯಾಹ್ನದ ಬಿಸಿಲಿಗೆ ಹೊಂದುವುದಿಲ್ಲ. ದೋಟಿ ನೆಲದ ಮೇಲಿರುವಾಗ ಮತ್ತೆ ತೆಗೆಯಬೇಕು. ಬೋರ್ಡೋದ ಮೈಲುತುತ್ತು ಕನೆಕ್ಟರನ್ನು ಬೇಗ ತಿನ್ನುತ್ತದೆ, ಡಬ್ಬಿಯ ಸಂದಿಗಳಿಗೆ ಸಿಲಿಕೋನ್ ಹಚ್ಚಿ.

ಇನ್ನೊಂದು ಮಿತಿ ಇದೆ: ದೋಟಿ ಬಾಗುತ್ತದೆ, ಬುಡದ ಕೋನ ತುದಿಯದ್ದಲ್ಲ. ಮಧ್ಯದಲ್ಲಿ ಎರಡನೇ ಸೆನ್ಸರ್ ಕಟ್ಟಿದರೆ ಬಾಗು ತಿಳಿಯುತ್ತದೆ. ಆದರೆ ಮ್ಯಾಗ್ನೆಟೋಮೀಟರ್ (ದಿಕ್ಸೂಚಿ ಸೆನ್ಸರ್) ಇಲ್ಲದೆ ಎರಡರ ಯಾ ಬೇರೆ ಬೇರೆ ಕಡೆಗೆ ಜಾರುವುದರಿಂದ ಇಡೀ ಕ್ವಾಟರ್ನಿಯನ್ ಹೋಲಿಸದೆ, ಎರಡೂ ಸೆನ್ಸರ್ ತಮ್ಮ ಅಕ್ಷಗಳಲ್ಲಿ ಕಾಣುವ ಗುರುತ್ವದ ದಿಕ್ಕನ್ನಷ್ಟೇ ಹೋಲಿಸಬೇಕು.