ಫೈರ್‌ವಾಲ್ ಎಚ್ಚರಿಕೆ ಬಂದಾಗ ಏನು ನೋಡಬೇಕು

ಕಂಪ್ಯೂಟರಿಗೆ ಬಂದುಹೋಗುವ ಸಂಪರ್ಕಗಳನ್ನು ಕಾಯುವ ಫೈರ್‌ವಾಲ್‌ನಲ್ಲಿ 'ಬ್ಲಾಕ್ಡ್' (ತಡೆಯಲಾಗಿದೆ) ಎಂದು ಕಂಡ ಕೂಡಲೇ ಗಾಬರಿ ಬೇಡ. ಹೊರಗಿನಿಂದ 23, 445, 3389ನೇ ಪೋರ್ಟ್‌ಗಳಿಗೆ (ಸಂಪರ್ಕಗಳು ಬಳಸುವ, ಸಂಖ್ಯೆ ಹಾಕಿದ ಬಾಗಿಲುಗಳಿಗೆ) ಬರುವ ಪ್ರಯತ್ನಗಳು ಬಹುಪಾಲು ಇಡೀ ಇಂಟರ್‌ನೆಟ್ಟನ್ನೇ ಜಾಲಾಡುವ ಬಾಟ್‌ಗಳದ್ದು, ಅಂದರೆ ತಾವಾಗಿಯೇ ಓಡುವ ಪ್ರೋಗ್ರಾಮ್‌ಗಳದ್ದು. ತಡೆದಿದ್ದರೆ ಅಲ್ಲಿಗೆ ಮುಗಿಯಿತು. ಎಚ್ಚರಿಕೆಯಲ್ಲಿ ಕಾಣುವ, ಸಂಪರ್ಕಿಸಿದ ಸಾಧನದ ಐಪಿ ವಿಳಾಸ 192.168ರಿಂದ ಶುರುವಾದರೆ ಅದು ನಿಮ್ಮದೇ ಮನೆಯ ಪ್ರಿಂಟರೋ ಟಿವಿಯೋ ಇರಬಹುದು.

ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದದ್ದು ಒಳಗಿನಿಂದ ಹೊರಗೆ ಸಂಪರ್ಕಿಸುವ ಅಪರಿಚಿತ ಪ್ರೋಗ್ರಾಮ್ ಬಗ್ಗೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈಗಿರುವ ಸಂಪರ್ಕಗಳ ಪಟ್ಟಿ ತೋರಿಸುವ 'netstat -ano' ಕಮಾಂಡ್ ಕೊಡಿ. ಕೊನೆಯ ಕಾಲಂನ ಪಿಐಡಿ (ಓಡುತ್ತಿರುವ ಪ್ರೋಗ್ರಾಮ್‌ನ ಗುರುತು) ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಹುಡುಕಿ, ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ನೋಡಿ. ಹೆಸರನ್ನಷ್ಟೇ ನಂಬಬೇಡಿ: ವಿಂಡೋಸ್‌ನದೇ ಪ್ರೋಗ್ರಾಮ್ ಆದ ಎಸ್‌ವಿಸಿಹೋಸ್ಟ್ (svchost) ಹೆಸರಿನಲ್ಲೇ ಮಾಲ್‌ವೇರ್ (ಹಾನಿ ಮಾಡುವ ಪ್ರೋಗ್ರಾಮ್) ಅಡಗಬಲ್ಲದು. ಅಸಲಿಯದ್ದು ಸಾಮಾನ್ಯವಾಗಿ ಸಿಸ್ಟಮ್32 ಫೋಲ್ಡರ್‌ನಲ್ಲಿರುತ್ತದೆ. ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್‌ನಲ್ಲಿ ಕಂಡರೆ ಮೊದಲು ನೆಟ್ ಕಡಿಯಿರಿ, ಆಮೇಲೆ ಪೂರ್ತಿ ಸ್ಕ್ಯಾನ್ ಮಾಡಿ.

3389 ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್; ರೌಟರ್‌ನಲ್ಲಿ ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ನೇರ ಒಳಗಿನ ಕಂಪ್ಯೂಟರಿಗೆ ಬಿಡುವ ವ್ಯವಸ್ಥೆ) ಇದ್ದರೆ ಇವತ್ತೇ ತೆಗೆಯಿರಿ.