ಬಳ್ಳಾರಿ ಬಿಸಿಲಾಗ ಓಪಿಯಾಯ್ಡ್ ರಿಸೆಪ್ಟರ್ ಕೆಲಸ: ನನ್ನ ಅನುಭವ

ಎಂ.ಫಾರ್ಮ್ ಫಾರ್ಮಕಾಲಜಿ ಮಾಡೋ ಜೂನಿಯರ್ಸ್ ಆಗಾಗ ಫೋನ್ ಮಾಡಿ ಕೇಳ್ತಿರ್ತಾರ, "ಅಕ್ಕ, ನಿಮ್ ಥೀಸಿಸ್ ಓಪಿಯಾಯ್ಡ್ ಮೆಕ್ಯಾನಿಸಂ ಮೇಲೆ ಇತ್ತಲ್ಲ, ಬೈಂಡಿಂಗ್ ಸ್ಟಡಿ (ಔಷಧಿ ನರದ ಮೇಲಿನ ತನ್ನ ಜಾಗ, ಅಂದ್ರ ರಿಸೆಪ್ಟರ್ ಮೇಲೆ, ಕೂರತೈತೋ ಇಲ್ಲೋ ನೇರ ಅಳೆಯೋದು) ಮಾಡೋ ಸೌಲತ್ತು ಇಲ್ದ ಹೆಂಗ ಮಾಡಿದ್ರಿ?" ಅಂತ. ಒಬ್ಬೊಬ್ರಿಗೂ ಅದನ್ನೇ ಹೇಳಿ ಹೇಳಿ ಸಾಕಾಗೈತಿ, ಅದಕ್ಕ ಒಂದ್ಸಲ ಕೂತು ಬರೆದುಬಿಡೋಣ ಅಂತ.

ನಂದು ಲಕ್ಕಿ ಗಿಡದ ಎಲೆ ಮೇಲಿನ ಕೆಲಸ. ನಮ್ ಕಡೆ ಬಾಣಂತಿ ಸ್ನಾನದ ನೀರಿಗೆ ಲಕ್ಕಿ ತಪ್ಪಲ ಹಾಕ್ತಾರ, ಮಂಡಿನೋವಿಗೆ ಬಿಸಿ ಮಾಡಿ ಕಟ್ಟತಾರ, ಎಲ್ರಿಗೂ ಗೊತ್ತಿರೋದೇ. ಇಲಿಗೆ ಕೊಟ್ರ ನೋವು ಕಮ್ಮಿ ಆಗ್ತೈತಿ ಅನ್ನೋ ಪೇಪರ್‌ಗಳೂ ಬೇಕಾದಷ್ಟದಾವ, ಇನ್ನೊಂದು ಅಂಥದ್ದೇ ಮಾಡಿ ಏನ್ ಉಪಯೋಗ? ನಮ್ ಗೈಡ್ ಸರ್ ಅಂದಿದ್ದು, ಕಮ್ಮಿ ಆಗ್ತೈತಿ ಅಂತ ತೋರಿಸೋದು ಬಿಡಮ್ಮ, ಯಾವ ದಾರಿಯಿಂದ ಕಮ್ಮಿ ಆಗ್ತೈತಿ ಅದನ್ನ ನೋಡು ಅಂತ. ಮಾರ್ಫಿನ್ ದಾರಿಯೋ (ಅದೇ ಓಪಿಯಾಯ್ಡ್ ದಾರಿ), ಉರಿಯೂತ ಇಳಿಸೋ ಡೈಕ್ಲೋಫೆನಾಕ್ ದಾರಿಯೋ, ಅಷ್ಟೇ ಪ್ರಶ್ನೆ.

ಮಾರ್ಫಿನ್ ದಾರಿ ಅಂದ್ರ ಮ್ಯೂ, ಡೆಲ್ಟಾ, ಕಪ್ಪಾ ಅನ್ನೋ ಮೂರು ರಿಸೆಪ್ಟರ್. ಮೂರೂ ಕೋಶದ ಒಳಗ ಸುದ್ದಿ ತಡೆಯೋ ಜಿಐ ಪ್ರೋಟೀನ್‌ಗೆ ಜೋಡಿಸಿಕೊಂಡಿರೋವು: ಔಷಧಿ ಕೂತ್ರ ಸೈಕ್ಲಿಕ್ ಎಎಂಪಿ (ಕೋಶದ ಒಳಗ ಸುದ್ದಿ ಒಯ್ಯೋ ಅಣು) ಇಳೀತೈತಿ, ನರದ ತುದಿಯಾಗ ಕ್ಯಾಲ್ಸಿಯಂ ಚಾನೆಲ್ ಮುಚ್ಚತೈತಿ, ಮುಂದಿನ ನರದಾಗ ಪೊಟ್ಯಾಸಿಯಂ ಹೊರಗ ಹೋಗಿ ನರ ಸುಮ್ಮನಾಗ್ತೈತಿ. ನೋವಿನ ಸುದ್ದಿ ಬೆನ್ನುಹುರಿ ಹತ್ರಾನೇ ನಿಲ್ಲತೈತಿ, ಮೇಲೆ ಮಿದುಳಿನಾಗೂ ಅದರ ಬಿಸಿ ಕಮ್ಮಿ ಆಗ್ತೈತಿ. ಈ ರಿಸೆಪ್ಟರ್ ಇದಾವ ಅಂತ ಬೈಂಡಿಂಗ್ ಮಾಡಿ ತೋರಿಸಿದ್ದು 1973ರಾಗ, ಜಾನ್ಸ್ ಹಾಪ್ಕಿನ್ಸ್‌ನ ಕ್ಯಾಂಡೇಸ್ ಪರ್ಟ್ ಮತ್ತ ಸಾಲೊಮನ್ ಸ್ನೈಡರ್, ನ್ಯೂಯಾರ್ಕ್‌ನ ಎರಿಕ್ ಸೈಮನ್, ಸ್ವೀಡನ್ನಿನ ಲಾರ್ಸ್ ಟೆರೇನಿಯಸ್, ಮೂರು ಕಡೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಪರ್ಟ್ ಬಳಸಿದ್ದು ವಿಕಿರಣ ಸೂಸೋ ಟ್ರೀಷಿಯಂ ಹಚ್ಚಿದ ನಾಲೋಕ್ಸೋನ್, ಅಂದ್ರ ಈ ರಿಸೆಪ್ಟರ್ ಮೇಲೆ ತಾನೇ ಕೂತು ಮಾರ್ಫಿನ್‌ಗೆ ಜಾಗ ಬಿಡದ ಔಷಧಿ. ಟ್ರೀಷಿಯಂ ನಮ್ಗ ಆಗೋ ಮಾತಲ್ಲ, ಅದನ್ನ ಎಣಿಸೋ ಮಷಿನ್ ಇಲ್ಲ, ಪರ್ಮಿಷನ್ ಇಲ್ಲ. ಆದ್ರ ನಾಲೋಕ್ಸೋನ್ ಐತಿ! ದೊಡ್ಡಾಸ್ಪತ್ರೆ ಕ್ಯಾಷುವಾಲ್ಟಿಯಾಗ ಇಟ್ಟಿರೋ ಅದೇ ಸಣ್ಣ ಆಂಪೂಲ್. ಲಕ್ಕಿ ಎಲೆ ಎಕ್ಸ್‌ಟ್ರ್ಯಾಕ್ಟ್ (ಸಾರ) ಕೊಡೋಕಿಂತ ಮುಂಚೆ ನಾಲೋಕ್ಸೋನ್ ಕೊಟ್ಟು ನೋಡು, ನೋವು ಕಮ್ಮಿ ಮಾಡೋ ಗುಣ ಹೋಯ್ತು ಅಂದ್ರ ಓಪಿಯಾಯ್ಡ್ ರಿಸೆಪ್ಟರ್ ಇದರಾಗ ಐತಿ, ಹೋಗ್ಲಿಲ್ಲಂದ್ರ ಬೇರೆ ದಾರಿ. ಕೇಳಾಕ ಇಷ್ಟು ಸರಳ, ಮಾಡಾಕ ಹೋದ್ರ ಹತ್ತು ಕಡೆ ಜಾರತೈತಿ.

ಮೊದ್ಲು ಸ್ಟ್ಯಾಂಡರ್ಡ್, ಅಂದ್ರ ಹೋಲಿಕೆಗೆ ಇಡೋ ಔಷಧಿ ವಿಷ್ಯ. ಪುಸ್ತಕದಾಗ ಮಾರ್ಫಿನ್ ಅಂತ ಇರ್ತೈತಿ, ಆದ್ರ 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆ ಕೆಳಗ ಅದನ್ನ ಕಾಲೇಜಿಗೆ ತರಿಸೋ ಕಾಗದಪತ್ರ ಮುಗಿಯೋದ್ರಾಗ ನಿಮ್ ಕೋರ್ಸ್ ಮುಗೀತೈತಿ. ಅದಕ್ಕ ನಮ್ ಕಡೆ ಲ್ಯಾಬಿನಾಗ ಎಲ್ರೂ ಪೆಂಟಾಜೋಸಿನ್ ಇಲ್ಲಾ ಟ್ರಮಡಾಲ್ ಹಿಡೀತಾರ (ಇವೂ ಅದೇ ಕಾಯ್ದೆ ಪಟ್ಟಿಯಾಗ ಇದಾವ, ಟ್ರಮಡಾಲ್ 2018ರಿಂದ, ಹಂಗಾಗಿ ರಿಜಿಸ್ಟರ್ ನೆಟ್ಟಗ ಇಡ್ರಿ). ಹಿಡಿದ್ರ ತಪ್ಪಿಲ್ಲ, ಆದ್ರ ಇವೆರಡೂ ಮಾರ್ಫಿನ್ ಅಲ್ಲ ಅನ್ನೋದನ್ನ ಮರೀಬಾರ್ದು. ಪೆಂಟಾಜೋಸಿನ್ ಮುಖ್ಯವಾಗಿ ಕಪ್ಪಾ ಮೇಲೆ ಕೆಲಸ ಮಾಡೋದು, ನಾಲೋಕ್ಸೋನ್‌ಗೆ ಮ್ಯೂ ಮೇಲೆ ಇರೋವಷ್ಟು ಹಿಡಿತ ಕಪ್ಪಾ ಮೇಲೆ ಇಲ್ಲ, ಅಂದ್ರ ಮಾರ್ಫಿನ್ ತಡೆಯೋ ಸಣ್ಣ ಡೋಸ್ ಪೆಂಟಾಜೋಸಿನ್ ತಡೆಯಾಕ ಸಾಲಲ್ಲ. ಟ್ರಮಡಾಲ್ ಇನ್ನೂ ಗೋಜಲು. ಅದು ಸಿರೊಟೋನಿನ್, ನಾರ್‌ಅಡ್ರಿನಲಿನ್ ವಾಪಸ್ ಹೋಗೋದನ್ನೂ ತಡೀತೈತಿ, ಲಿವರಿನಾಗ ಒಡೆದು ಬರೋ ಎಂ-ಒನ್ ಅನ್ನೋ ಮೆಟಬೊಲೈಟ್ ಮ್ಯೂ ಮೇಲೆ ಕೂರ್ತೈತಿ, ಹಂಗಾಗಿ ನಾಲೋಕ್ಸೋನ್ ಕೊಟ್ರೂ ಟ್ರಮಡಾಲ್ ಗುಣ ಪೂರ್ತಿ ಹೋಗಲ್ಲ. ನಮ್ ಕ್ಲಾಸ್‌ಮೇಟ್ ಒಬ್ಬ ಟ್ರಮಡಾಲ್ ಅರ್ಧಕ್ಕ ನಿಂತಿದ್ದು ನೋಡಿ ನಾಲೋಕ್ಸೋನೇ ಡೇಟ್ ಆಗಿರೋದು ಅಂತ ಅಂಗಡಿಯವ್ರ ಮೇಲೆ ಹೋಗಿದ್ದ, ಪಾಪ ಅವ್ರದೇನು ತಪ್ಪು.

ಡೋಸ್ ಲೆಕ್ಕ ಹೇಳ್ತೀನಿ, ಇಲ್ಲೇ ಬಾಳ ಮಂದಿ ಒದ್ದಾಡ್ತಾರ. ಆಂಪೂಲ್ ಇರೋದು ಒಂದು ಎಂಎಲ್‌ಗೆ 0.4 ಮಿಲಿಗ್ರಾಂ. 25 ಗ್ರಾಂ ತೂಕದ ಇಲಿಗೆ ಕೆಜಿಗೆ 2 ಮಿಲಿಗ್ರಾಂ ಲೆಕ್ಕದಾಗ 0.05 ಮಿಲಿಗ್ರಾಂ ಬೇಕು, ಅಂದ್ರ ಆಂಪೂಲಿನಿಂದ 0.125 ಎಂಎಲ್, ಅದಕ್ಕ ಅಷ್ಟೇ ನಾರ್ಮಲ್ ಸಲೈನ್ ಸೇರಿಸಿದ್ರ 0.25 ಎಂಎಲ್, ಇಲಿ ಹೊಟ್ಟೆಗೆ ಹಾಕೋ ಸರಿಯಾದ ವಾಲ್ಯೂಮ್. ಟ್ಯೂಬರ್‌ಕುಲಿನ್ ಸಿರಿಂಜ್ ಬಿಟ್ಟು ಬೇರೆದ್ರಾಗ ಮಾಡಬ್ಯಾಡ್ರಿ. ಕಾಲು ಗಂಟೆ ಬಿಟ್ಟು ಎಕ್ಸ್‌ಟ್ರ್ಯಾಕ್ಟ್. ಇನ್ನೊಂದು, ನಾಲೋಕ್ಸೋನ್ ಮೈಯಾಗ ಜಾಸ್ತಿ ಹೊತ್ತು ಇರಲ್ಲ, ಮನುಷ್ಯರಿಗೇ ಒಂದು ತಾಸಿನ ಆಚೆ ಈಚೆ ಅರ್ಧ ಇಳಿದಿರ್ತೈತಿ, ಓವರ್‌ಡೋಸ್ ಆದವ್ರು ಎದ್ದು ಕೂತು ಮತ್ತ ಮಲಗಿಬಿಡೋದು ಅದಕ್ಕೇ. ಎರಡು ತಾಸಿನ ರೀಡಿಂಗ್‌ನಾಗ ಎಕ್ಸ್‌ಟ್ರ್ಯಾಕ್ಟ್ ಗುಣ ವಾಪಸ್ ಬಂತು ಅಂದ್ರ ಅದು ಎಕ್ಸ್‌ಟ್ರ್ಯಾಕ್ಟಿನ ಮಹಿಮೆ ಅಲ್ಲ, ನಾಲೋಕ್ಸೋನ್ ಖಾಲಿ ಆಗೈತಿ ಅಷ್ಟೇ. ನಾನು ತೀರ್ಮಾನ ಎಲ್ಲಾ ಮೊದಲ ಒಂದು ತಾಸಿನ ರೀಡಿಂಗ್ ಮೇಲೇ ಕಟ್ಟಿದ್ದು.

ಈಗ ಬಳ್ಳಾರಿ ವಿಷ್ಯಕ್ಕ ಬರೋಣ. ಟೇಲ್ ಫ್ಲಿಕ್ ಮಾಡೋ ಅನಾಲ್ಜೆಸಿಯೋಮೀಟರ್ ನೋಡಿರ್ತೀರಿ, ಕಾದ ನೈಕ್ರೋಮ್ ತಂತಿ ಮೇಲೆ ಬಾಲ ಇಡೋದು, ಎಷ್ಟು ಸೆಕೆಂಡಿಗೆ ಬಾಲ ಜಗ್ಗಿಕೊಳ್ತೈತಿ ನೋಡೋದು, 10 ಸೆಕೆಂಡಿಗೆ ಕಟ್ ಆಫ್, ಅದರ ಮೇಲೆ ಇಟ್ರ ಬಾಲ ಸುಟ್ಟುಹೋಗ್ತೈತಿ. ಇದರಾಗ ಎರಡು ಶತ್ರು: ವೋಲ್ಟೇಜ್ ಮತ್ತ ಬಿಸಿಲು. ತಂತಿ ಶಾಖ ವೋಲ್ಟೇಜಿನ ವರ್ಗಕ್ಕ ತಕ್ಕಂಗ ಬೀಳ್ತೈತಿ, ವೋಲ್ಟೇಜ್ 10% ಇಳಿದ್ರ ಶಾಖ 19% ಇಳೀತು, ಇಲಿ ತಡವಾಗಿ ಬಾಲ ತೆಗೀತು, ನೀವು ಔಷಧಿ ಕೆಲಸ ಮಾಡ್ತು ಅಂತ ಬರ್ಕೊಂಡ್ರಿ. ನಮ್ ಲ್ಯಾಬಿನಾಗ ಮಧ್ಯಾಹ್ನ ಎಲ್ಲಾ ಕಡೆ ಎಸಿ ಕೂಲರ್ ಶುರು ಆದ್ರ ಮೀಟರ್ ಮುಳ್ಳು ಕುಣಿಯೋದು ಕಣ್ಣಿಗೇ ಕಾಣ್ತಿತ್ತು. ಸ್ಟೆಬಿಲೈಜರ್ ಹಾಕಿಸಿ, ಆಂಪಿಯರ್ ನೋಡಿಕೋತಾ, ಬೆಳಿಗ್ಗೆ ಹೊತ್ತು ಮಾತ್ರ ಟೆಸ್ಟ್ ಮಾಡಿದ್ವಿ.

ಬಿಸಿಲಿಂದು ಇನ್ನೂ ಸೂಕ್ಷ್ಮ. ಇಲಿ ತನ್ನ ಮೈ ಶಾಖ ಹೊರಗ ಹಾಕೋದು ಬಾಲದಿಂದ. ರೂಮ್ ಕಾದ್ರ ಬಾಲದ ರಕ್ತನಾಳ ಹಿಗ್ಗಿ ಬಾಲದ ಚರ್ಮ ಬೆಚ್ಚಗಾಗ್ತೈತಿ, ಬೆಚ್ಚಗಿರೋ ಚರ್ಮ ನೋವಿನ ಮಟ್ಟ ಬೇಗ ಮುಟ್ಟತೈತಿ, ಲೇಟೆನ್ಸಿ (ಬಾಲ ತೆಗೆಯೋತನಕ ಹಿಡಿಯೋ ಸೆಕೆಂಡು) ಕಮ್ಮಿ ಬರ್ತೈತಿ. ತಣ್ಣಗಿರೋ ಬಾಲ ಆದ್ರ ಉಲ್ಟಾ. ಅಂದ್ರ ರಿಸೆಪ್ಟರ್ ಮುಟ್ಟದೇ ಬರೀ ಬಾಲದ ರಕ್ತ ಓಡಾಟ ಬದಲು ಮಾಡೋ ಯಾವ ಔಷಧಿನೂ ಟೇಲ್ ಫ್ಲಿಕ್‌ನಾಗ ನೋವು ನಿವಾರಕ ಅಂತ ಕಾಣಬಹುದು. ಅನಿಮಲ್ ಹೌಸ್ 22 ಡಿಗ್ರಿ ಆಸುಪಾಸು ಇಡೋದು ರೂಢಿ, ಏಪ್ರಿಲ್-ಮೇ ಬಳ್ಳಾರ್ಯಾಗ ಹೊರಗ 40 ದಾಟಿರ್ತೈತಿ, ಕರೆಂಟ್ ಹೋಗಿ ಜನರೇಟರ್ ಶುರು ಆಗೋತನಕ ರೂಮ್ ಏರೋದು ನಿಂತು ನೋಡಬಹುದು. ನಾನು ಪ್ರತಿ ರೀಡಿಂಗ್ ಪಕ್ಕ ರೂಮಿನ ಟೆಂಪರೇಚರ್ ಮತ್ತ ಬಾಲದ ಟೆಂಪರೇಚರ್ ಎರಡೂ ಬರೀತಿದ್ದೆ, ಬಾಲಕ್ಕ ಒಂದು ಸಣ್ಣ ಥರ್ಮೋಕಪಲ್ ಹಚ್ಚಿ. ಎಕ್ಸ್‌ಟರ್ನಲ್ ಎಕ್ಸಾಮಿನರ್ ವೈವಾದಾಗ ಜಾಸ್ತಿ ಹೊತ್ತು ನೋಡಿದ್ದು ಆ ಒಂದು ಕಾಲಮ್‌ನೇ.

ಹಾಟ್ ಪ್ಲೇಟ್‌ನಾಗ ಈ ಬಾಲದ ರಗಳೆ ಇಲ್ಲ. 55 ಡಿಗ್ರಿ ತಟ್ಟೆ ಮೇಲೆ ಬಿಟ್ರ ಇಲಿ ಮುಂಗಾಲು ನೆಕ್ಕೋದು ಇಲ್ಲಾ ಜಿಗಿಯೋದು, 15 ಸೆಕೆಂಡಿಗೆ ತೆಗೀಬೇಕು. ಟೇಲ್ ಫ್ಲಿಕ್ ಬೆನ್ನುಹುರಿ ಮಟ್ಟದ ರಿಫ್ಲೆಕ್ಸ್, ಇದಕ್ಕ ಮಿದುಳು ಬೇಕು, ಅದಕ್ಕ ಎರಡೂ ಮಾಡ್ಬೇಕು. ಆದ್ರ ಇಲ್ಲಿ ಬೇರೆ ಆಟ: ಮಂಪರು ಬಂದ ಇಲಿನೂ ತಡವಾಗಿ ಜಿಗಿತೈತಿ. ರೋಟಾರಾಡ್ (ತಿರುಗೋ ಕೋಲು) ಮೇಲೆ ಹತ್ತಿಸಿ ಬೀಳದಂಗ ನಡೀತೈತಿ ಅಂತ ಖಾತ್ರಿ ಮಾಡ್ಕೊಳ್ದ ಹಾಟ್ ಪ್ಲೇಟ್ ಡೇಟಾ ನಂಬಬ್ಯಾಡ್ರಿ.

ಇನ್ನ ಇಲಿ ಹಿಡಿಯೋ ಕೈ. ಇದನ್ನ ನಂಗ ಕಲಿಸಿದ್ದು ಪುಸ್ತಕ ಅಲ್ಲ, ಅನಿಮಲ್ ಹೌಸ್ ನೋಡ್ಕೊಳ್ಳೋ ಕಾಕಾ. "ಅದು ನಿನ್ನ ಕೈ ವಾಸನಿ ಕಲೀಲಿ ತಂಗಿ, ಆಮ್ಯಾಲೆ ಸೂಜಿ ಹಿಡಿ" ಅಂತಿದ್ರು. ವಾರಗಟ್ಟಲೆ ದಿನಾ ಹೋಗಿ ಸುಮ್ನ ಅಂಗೈ ಮೇಲೆ ಕೂರಿಸ್ಕೊಂಡು, ರಿಸ್ಟ್ರೇನರ್ (ಇಲಿ ಅಲುಗಾಡದಂಗ ಹಿಡಿಯೋ ಕೊಳವೆ) ಒಳಗ ಬಿಟ್ಟು ತೆಗೆದು ಮಾಡ್ತಿದ್ದೆ, ಮೊದ್ಲು ಮೂತಿ ನಡುಗಿಸಿ ಹಿಕ್ಕೆ ಹಾಕಿಬಿಡೋವು, ಆಮ್ಯಾಲೆ ಬೆರಳ ಸಂದಿಯಾಗ ಮೂಗು ತೂರಿಸಿ ಸುಮ್ನಾಗೋವು. ಇದು ಬರೀ ಪ್ರೀತಿ ಮಾತಲ್ಲ, ಫಾರ್ಮಕಾಲಜಿನೇ. ಹೆದರಿದ ಪ್ರಾಣಿ ಮೈಯಾಗ ಅದರದೇ ಎಂಡಾರ್ಫಿನ್ ಬಿಡುಗಡೆ ಆಗ್ತೈತಿ, ಅದೂ ಹೋಗಿ ಕೂರೋದು ಅದೇ ಮ್ಯೂ ರಿಸೆಪ್ಟರ್ ಮೇಲೆ. 1975ರಾಗ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಾಗ ಹ್ಯೂಸ್ ಮತ್ತ ಕೋಸ್ಟರ್‌ಲಿಟ್ಜ್ ಹಂದಿ ಮಿದುಳಿನಿಂದ ಎಂಡಾರ್ಫಿನ್ ಬಳಗದ ಎನ್ಕೆಫಲಿನ್ ತೆಗೆದು ತೋರಿಸಿದ ಮೇಲೆ ಮೈಯಾಗೇ ಮಾರ್ಫಿನ್ ಥರದ್ದು ಐತಿ ಅನ್ನೋದು ಎಲ್ರಿಗೂ ಗೊತ್ತಾಗಿದ್ದು. ಹಂಗಾಗಿ ಗಾಬರಿ ಬಿದ್ದ ಕಂಟ್ರೋಲ್ ಗುಂಪಿಗೆ ಬರೀ ಸಲೈನ್ ಕೊಟ್ರೂ ಲೇಟೆನ್ಸಿ ಏರಿರ್ತೈತಿ, ನಾಲೋಕ್ಸೋನ್ ಕೊಟ್ರ ಇಳೀತೈತಿ. ಎಕ್ಸ್‌ಟ್ರ್ಯಾಕ್ಟ್ ಗುಂಪಿನಾಗ ನಾಲೋಕ್ಸೋನ್ ಇಳಿಸಿದ್ದು ಎಕ್ಸ್‌ಟ್ರ್ಯಾಕ್ಟ್ ಗುಣಾನೋ, ಇಲಿ ಭಯದ ಎಂಡಾರ್ಫಿನ್ನೋ, ಹೆಂಗ ಬೇರೆ ಮಾಡ್ತೀರಿ?

ಬೇರೆ ಮಾಡೋಕ ಒಂದೇ ಉಪಾಯ, ಬರೀ ನಾಲೋಕ್ಸೋನ್ ಕೊಟ್ಟ ಗುಂಪು. ಎಷ್ಟೋ ಥೀಸಿಸ್‌ನಾಗ ಈ ಗುಂಪೇ ಇರಲ್ಲ, ಪ್ರಾಣಿ ಸಂಖ್ಯೆ ಕಮ್ಮಿ ಮಾಡ್ರಿ ಅಂತ ಎಥಿಕ್ಸ್ ಕಮಿಟಿಯವ್ರು ಅಂದ ಕೂಡ್ಲೇ ಮೊದ್ಲು ಹಾರಿಸೋದು ಇದನ್ನೇ. ನಂಗೂ ಅಂದ್ರು. ಇದಿಲ್ಲಂದ್ರ ಉಳಿದ ಗುಂಪಿನ ಇಲಿಗಳೂ ದಂಡ ಆಗ್ತಾವ ಸರ್ ಅಂತ ವಾದ ಮಾಡಿದೆ, ಒಪ್ಪಿದ್ರು. ಯಾರಿಗೆ ಯಾವ ಸಿರಿಂಜ್ ಅನ್ನೋದು ನಂಗ ಗೊತ್ತಾಗದಂಗ ಜೂನಿಯರ್ ಒಬ್ಳು ಕೋಡ್ ಹಾಕಿ ಕೊಡ್ತಿದ್ಲು, ಸ್ಟಾಪ್‌ವಾಚ್ ಹಿಡಿಯೋ ಕೈಗೆ ಆಸೆ ಇರ್ಬಾರ್ದು ನೋಡ್ರಿ.

ರಿಸಲ್ಟ್ ಹೇಳ್ಬೇಕಂದ್ರ ಬಾಳ ಉದ್ದ ಇಲ್ಲ. ಅಸಿಟಿಕ್ ಆಸಿಡ್ ರೈದಿಂಗ್‌ನಾಗ (ಹೊಟ್ಟೆಗೆ ಆಸಿಡ್ ಕೊಟ್ಟು ಇಲಿ ಎಷ್ಟು ಸಲ ನೋವಿಗೆ ಮೈ ಹಿಂಡ್ತೈತಿ ಅಂತ ಎಣಿಸೋ ಟೆಸ್ಟ್) ಲಕ್ಕಿ ಎಕ್ಸ್‌ಟ್ರ್ಯಾಕ್ಟ್ ಚೆನ್ನಾಗಿ ಕೆಲಸ ಮಾಡ್ತು (ಆ ಟೆಸ್ಟ್‌ನಾಗ ಬಾಳ ಔಷಧಿ ಪಾಸ್ ಆಗ್ತಾವ, ಅದಕ್ಕ ಹಿಗ್ಗೋದೇನಿಲ್ಲ), ಹಾಟ್ ಪ್ಲೇಟ್‌ನಾಗ ಸ್ವಲ್ಪ, ಟೇಲ್ ಫ್ಲಿಕ್‌ನಾಗ ಬಾಲದ ಟೆಂಪರೇಚರ್ ಸರಿದೂಗಿಸಿದ ಮೇಲೆ ಏನೂ ಉಳೀಲಿಲ್ಲ. ನಾಲೋಕ್ಸೋನ್ ಪೆಂಟಾಜೋಸಿನ್ನನ್ನ ಕೆಳಗ ಇಳಿಸ್ತು. ಲಕ್ಕಿ ಗುಂಪಿನಾಗ ಹಾಟ್ ಪ್ಲೇಟ್ ಲೇಟೆನ್ಸಿ ಚೂರು ಇಳೀತು, ಆದ್ರ ಬರೀ ನಾಲೋಕ್ಸೋನ್ ಗುಂಪಿನಾಗೂ ಅಷ್ಟೇ ಇಳಿದಿತ್ತು! ಆ ಗುಂಪು ಇರ್ಲಿಲ್ಲಂದ್ರ ನಾನು ಖುಷಿಯಿಂದ "ಓಪಿಯಾಯ್ಡ್ ಮೂಲಕ" ಅಂತ ಬರೆದುಬಿಡ್ತಿದ್ದೆ. ಬರೆದಿದ್ದು, ಈ ಡೋಸ್‌ನಾಗ ಓಪಿಯಾಯ್ಡ್ ದಾರಿ ಐತಿ ಅನ್ನಾಕ ಆಧಾರ ಸಿಗಲಿಲ್ಲ, ಉರಿಯೂತ ಇಳಿಸೋ ದಾರಿ ಇರಬಹುದು ಅಂತ. ಗೈಡ್ ಸರ್ ಓದಿ, ಇಲ್ಲ ಅನ್ನೋದೂ ಒಂದು ರಿಸಲ್ಟೇ, ಸೈನ್ ಹಾಕ್ತೀನಿ ತಗೊಂಬಾ ಅಂದ್ರು.

ಈಗಿನ ಜೂನಿಯರ್ಸ್ ಡಾಕಿಂಗ್ (ಅಣು ರಿಸೆಪ್ಟರ್ ಮೇಲೆ ಹೆಂಗ ಕೂರತೈತಿ ಅಂತ ಕಂಪ್ಯೂಟರ್‌ನಾಗ ನೋಡೋದು) ಮಾಡ್ತೀವಿ ಅಂತಾರ. ಮಾಡ್ರಿ, ಮ್ಯೂ ರಿಸೆಪ್ಟರ್ ಸ್ಟ್ರಕ್ಚರ್ 2012ರಾಗೇ ಬಂದೈತಿ, ಪ್ರೋಟೀನ್ ಡೇಟಾ ಬ್ಯಾಂಕಿನಾಗ 4ಡಿಕೆಎಲ್ ಅಂತ ಪುಕ್ಕಟೆ ಸಿಗತೈತಿ, ಡಾಕಿಂಗ್ ಮಾಡೋ ಸಾಫ್ಟ್‌ವೇರ್ ಆಟೋಡಾಕ್ ವೀನಾನೂ ಪುಕ್ಕಟೆ. ಆದ್ರ ಆ 4ಡಿಕೆಎಲ್ ಆಂಟಗೊನಿಸ್ಟ್ (ನಾಲೋಕ್ಸೋನ್ ಥರ ತಡೆಯೋ ಔಷಧಿ) ಕೂತಿರೋ ರೂಪ, ಅದರಾಗ ಸ್ಕೋರ್ ಚೆನ್ನಾಗಿ ಬಂತು ಅಂದ್ರ ನಿಮ್ ಮಾಲಿಕ್ಯೂಲ್ ರಿಸೆಪ್ಟರನ್ನ ಚಾಲೂ ಮಾಡ್ತೈತಿ ಅಂತಲ್ಲ, ಮುಚ್ಚಿ ಕೂರಬಹುದು. ಮಾರ್ಫಿನ್ ಥರದವೆಲ್ಲಾ ತಮ್ಮ ನೈಟ್ರೋಜನ್‌ನಿಂದ ರಿಸೆಪ್ಟರಿನ ಮೂರನೇ ಹೆಲಿಕ್ಸ್‌ನ (ಸುರುಳಿಯ) ಆಸ್ಪಾರ್ಟೇಟ್ ಅನ್ನೋ ಅಮೈನೋ ಆಸಿಡ್ ಹಿಡೀತಾವ, ಲಕ್ಕಿ ಎಲೆಯ ಫ್ಲೇವನಾಯ್ಡ್‌ಗಳಿಗೆ ಆ ನೈಟ್ರೋಜನ್ನೇ ಇಲ್ಲ. ನೈಟ್ರೋಜನ್ ಇಲ್ದೇ ಕಪ್ಪಾ ಮೇಲೆ ಜೋರಾಗಿ ಕೂರೋ ಸಾಲ್ವಿನೋರಿನ್-ಎ ಅಂಥ ಸಸ್ಯದ ಮಾಲಿಕ್ಯೂಲ್ ಐತಿ, ಇಲ್ಲ ಅನ್ನಂಗಿಲ್ಲ, ಆದ್ರ ಅದನ್ನ ನಂಬಿದ್ದು ಬೈಂಡಿಂಗ್ ಮಾಡಿ ತೋರಿಸಿದ ಮೇಲೆ.

ಮ್ಯೂನೋ ಡೆಲ್ಟಾನೋ ಕಪ್ಪಾನೋ ಬೇರೆ ಮಾಡಿ ನೋಡ್ತೀನಿ ಅನ್ನೋರು ಕಪ್ಪಾ ತಡೆಯೋ ನಾರ್-ಬಿಎನ್ಐ, ಡೆಲ್ಟಾ ತಡೆಯೋ ನಾಲ್ಟ್ರಿಂಡೋಲ್ ತರಿಸ್ಬೇಕು, ರೇಟ್ ಕೇಳಿದ್ರ ಬೆವರು ಬರ್ತೈತಿ. ತರಿಸಿದ್ರ ಒಂದು ನೆನಪಿರಲಿ, ನಾರ್-ಬಿಎನ್ಐ ನಿಧಾನಕ್ಕ ಹತ್ತತೈತಿ, ಟೆಸ್ಟಿನ ಹಿಂದಿನ ದಿನಾನೇ ಕೊಡ್ಬೇಕು, ಒಂದ್ಸಲ ಹತ್ತಿದ್ರ ವಾರಗಟ್ಟಲೆ ಬಿಡಲ್ಲ, ಹಂಗಾಗಿ ಅದೇ ಇಲಿನ ಇನ್ನೊಂದು ಗುಂಪಿಗೆ ಹಾಕ್ಕೊಳ್ಳಂಗಿಲ್ಲ. ಕಮಿಟಿಗೆ ಅರ್ಜಿ ಹಾಕೋವಾಗ್ಲೇ ಆ ಗುಂಪಿಗೆ ಬೇರೆ ಇಲಿ ಕೇಳ್ಕೊಂಡಿರ್ರಿ.